ಪುಸ್ತಕ ಹಾಡಾಗುವಾಗ ದನಿ ಯಾರದು?

ಇಲ್ಲಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವೆ. ವಿಜಯಪುರದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೂ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅಲ್ಲಿ ನರಸಿಂಹನ ಗುಡಿ ಇದೆ. ಆ ದೇವರ ಅಂಕಿತದಲ್ಲಿ ಕುಮಾರವಾಲ್ಮೀಕಿ ರಾಮಾಯಣ ಬರೆದ. ಸಂಸ್ಕೃತದ ವಾಲ್ಮೀಕಿಯನ್ನು ಕನ್ನಡದ ಭಾಮಿನಿ ಷಟ್ಪದಿಗೆ ಇಳಿಸಿದ. ಷಟ್ಪದಿ ಸುಮ್ನೆ ಕಣ್ಣಲ್ಲಿ ಓದಿ ಮುಗಿಸುವ ಪದ್ಯವಲ್ಲ. ಗಮಕಿ ಅದಕ್ಕೆ ರಾಗ ಹಚ್ಚುತ್ತಾನೆ, ಊರು ಕೂತು ಕೇಳುತ್ತದೆ.

ಅದೇ ತೊರವೆಯ ಹತ್ತಿರ ನವರಸಪುರದ ಹಾಳುಬಿದ್ದ ಗೋಡೆಗಳು, ಸಂಗೀತ ಮಹಲು. ಅದನ್ನು ಕಟ್ಟಿಸಿದವನು ಎರಡನೇ ಇಬ್ರಾಹಿಂ ಆದಿಲ್‌ಶಾಹ. 1580ರಿಂದ 1627ರವರೆಗೆ ಆಳಿದ. ಅವನು ದಖನಿ ಉರ್ದುವಿನಲ್ಲಿ ಬರೆದ ಪುಸ್ತಕ 'ಕಿತಾಬ್-ಎ-ನವರಸ್'. ಅದರ ತುಂಬ ಹಾಡುಗಳೇ. ಒಂದೊಂದು ರಾಗದ ಹೆಸರಿನ ಕೆಳಗೆ ಜೋಡಿಸಿಟ್ಟ ಹಾಡುಗಳು. ಸರಸ್ವತಿಯನ್ನು ನೆನೆದಿದ್ದಾನೆ, ಗಣಪತಿಯನ್ನು ನೆನೆದಿದ್ದಾನೆ, ಕಲಬುರಗಿಯ ಬಂದೇನವಾಜರನ್ನು ನೆನೆದಿದ್ದಾನೆ. ತನ್ನ ತಂಬೂರಿಗೆ 'ಮೋತಿಖಾನ್' ಅಂತ ಹೆಸರಿಟ್ಟು, ಅದರ ಮೇಲೂ ಹಾಡು ಕಟ್ಟಿದ್ದಾನೆ.

ಒಂದೇ ಊರಿನ ಆಸುಪಾಸು ಎರಡು ಕೆಲಸ ನಡೆದಿವೆ ನೋಡಿ. ಒಬ್ಬ ದೊಡ್ಡ ಗ್ರಂಥವನ್ನು ಹಾಡಿಗೆ ತಂದ. ಇನ್ನೊಬ್ಬ ಹಾಡುಗಳನ್ನೇ ಗ್ರಂಥ ಮಾಡಿದ. ಹಾಗಾಗಿ 'ಸಾಹಿತ್ಯ ಕೃತಿಯಿಂದ ಹುಟ್ಟಿದ ಪಾಪ್ ಆಲ್ಬಮ್' ಎಂಬ ಇಂದಿನ ವಿಷಯವನ್ನು ಲಂಡನ್ನಿನಿಂದ ಬಂದ ಹೊಸ ಸರಕು ಅಂತ ತಿಳಿಯಬೇಡಿ. ನಮಗೆ ಇದರ ರುಚಿ ಹಳೆಯದು. ಅಲ್ಲಿಯವರು ಈ ಕೆಲಸವನ್ನು ಹೇಗೆ ಮಾಡಿದರು, ಎಲ್ಲಿ ಗೆದ್ದರು ಅಂತ ನೋಡಿಕೊಂಡು ನಮ್ಮ ಮನೆಗೆ ವಾಪಸ್ ಬರೋಣ.

ಆಲ್ಬಮ್ ಅಂದರೆ ಏನು? ಇಲ್ಲಿರುವ ಹುಡುಗರಿಗೆ ಅದು ಮೊಬೈಲಿನಲ್ಲಿ ಕಾಣುವ ಒಂದು ಪಟ್ಟಿ. ನಮ್ಮ ಕಾಲಕ್ಕೆ ಅದು ಒಂದು ವಸ್ತು. ಎಲ್‌ಪಿ ತಟ್ಟೆಯ ಒಂದು ಬದಿಗೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ. ತಿರುವಿ ಹಾಕಿದರೆ ಇನ್ನೊಂದು ಅಷ್ಟು. ಮುನ್ನೂರು ಪುಟದ ಕಾದಂಬರಿ ಈ ನಲವತ್ತು ಚಿಲ್ಲರೆ ನಿಮಿಷದಲ್ಲಿ ಹಿಡಿಸಬೇಕು. ಹಿಡಿಸೋದಿಲ್ಲ. ಅಂದಮೇಲೆ ಬಿಡಬೇಕು. ಏನು ಬಿಡಬೇಕು ಅನ್ನೋದು ಮೊದಲ ಪ್ರಶ್ನೆ. ಉಳಿದದ್ದನ್ನು ಯಾರ ಬಾಯಿಂದ ಹಾಡಿಸಬೇಕು ಅನ್ನೋದು ಎರಡನೆಯದು. ನನ್ನ ಪ್ರಕಾರ ಈ ಎರಡನೆಯದೇ ದೊಡ್ಡದು. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

1974ರಲ್ಲಿ ರಿಕ್ ವೇಕ್‌ಮನ್ ಎಂಬ ಕೀಬೋರ್ಡ್ ವಾದಕ ಜೂಲ್ಸ್ ವರ್ನ್‌ನ 'ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ಥ್' ಕಾದಂಬರಿಯನ್ನು ಆಲ್ಬಮ್ ಮಾಡಿದ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ದೊಡ್ಡ ಆರ್ಕೆಸ್ಟ್ರಾ ಕೂರಿಸಿ, ಜನರೆದುರೇ ನುಡಿಸಿ ಧ್ವನಿಮುದ್ರಿಸಿದ. ನಡುನಡುವೆ ಒಬ್ಬ ಕಥೆ ಓದುತ್ತಾನೆ, ಉಳಿದವರು ಹಾಡುತ್ತಾರೆ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಏರಿತು. ಕೇಳಲು ಭವ್ಯವಾಗಿದೆ. ಆದರೆ ಅಲ್ಲಿ ಕಥೆ ಒಂದು ಕಡೆ, ಹಾಡು ಒಂದು ಕಡೆ. ಓದುವವನು ನಿಲ್ಲಿಸಿದಾಗ ಇವರು ನುಡಿಸುತ್ತಾರೆ, ಇವರು ನಿಲ್ಲಿಸಿದಾಗ ಅವನು ಓದುತ್ತಾನೆ. ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ.

ಮುಂದೆ ಅಂದರೆ 1978. ಈ ವರ್ಷವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಪುಣೆಯಲ್ಲಿ ಕೆಲಸಕ್ಕಿದ್ದ ನನ್ನ ಗೆಳೆಯ ಒಮ್ಮೆ ರಜೆಗೆ ಬಂದಾಗ ಎರಡು ಕ್ಯಾಸೆಟ್ ತಂದಿದ್ದ. ಜೆಫ್ ವೇಯ್ನ್ ಮಾಡಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಮೂಲ ಎಚ್.ಜಿ. ವೆಲ್ಸ್‌ನ 1898ರ ಕಾದಂಬರಿ. ಮಂಗಳ ಗ್ರಹದವರು ಬಂದು ಇಂಗ್ಲೆಂಡನ್ನು ಸುಟ್ಟು ಹಾಕುವ ಕಥೆ. ನನಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಅದರಲ್ಲಿ ಕಥೆ ಹೇಳುವ ನಟ ರಿಚರ್ಡ್ ಬರ್ಟನ್‌ನ ದನಿ ಶುರುವಾದ ಕೂಡಲೇ ಕೋಣೆಯಲ್ಲಿದ್ದ ನಾಲ್ಕೂ ಜನ ಸುಮ್ಮನಾದೆವು. ನಮ್ಮ ಕಡೆ ಕೀರ್ತನೆಕಾರರು ಕಥೆಗೆ ಕೈ ಹಾಕಿದಾಗ ಆಗುತ್ತದಲ್ಲ, ಹಾಗೆ.

ವೇಯ್ನ್ ಮಾಡಿದ ಒಂದು ಕೆಲಸ ನೋಡಿ. ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಒಬ್ಬ ಖಗೋಳ ವಿಜ್ಞಾನಿ ಒಂದು ಮಾತು ಹೇಳುತ್ತಾನೆ. ಮಂಗಳದಲ್ಲಿ ಮನುಷ್ಯರಂಥವರು ಇರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಅಂತ. ಓದುವಾಗ ಅದು ಬಂದು ಹೋಗುವ ಒಂದು ಸಾಲು. ವೇಯ್ನ್ ಅದನ್ನು ಎತ್ತಿಕೊಂಡು, ಸ್ವಲ್ಪ ತಿದ್ದಿ, ಪಲ್ಲವಿ ಮಾಡಿದ. ಮಂಗಳದಿಂದ ಯಾರಾದರೂ ಬರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು, ಆದರೂ ಅವರು ಬರುತ್ತಿದ್ದಾರೆ. ಮೊದಲ ಸಲ ಕೇಳಿದಾಗ ಅದು ವಿಜ್ಞಾನಿಯ ಧೈರ್ಯ. ನಾಲ್ಕನೇ ಸಲ ಕೇಳುವ ಹೊತ್ತಿಗೆ ಎದೆ ನಡುಗುತ್ತದೆ. ಗದ್ಯ ಒಂದು ಮಾತನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತದೆ. ಹಾಡು ಅದೇ ಮಾತಿಗೆ ತಿರುತಿರುಗಿ ಬರುತ್ತದೆ, ಬಂದಾಗೆಲ್ಲ ಅರ್ಥ ಬೇರೆ. ದೊಡ್ಡ ಪುಸ್ತಕದಲ್ಲಿ ಪಲ್ಲವಿ ಎಲ್ಲಿ ಅಡಗಿದೆ ಅಂತ ಹುಡುಕಿ ತೆಗೆಯೋದಕ್ಕೆ ಕಿವಿ ಬೇಕು.

ಇನ್ನೊಂದು. ವೆಲ್ಸ್‌ನ ಪುಸ್ತಕದಲ್ಲಿ ಒಬ್ಬ ಪಾದ್ರಿ ಬರುತ್ತಾನೆ. ಅವನಿಗೆ ಹೆಸರಿಲ್ಲ, ಹೆಂಡತಿಯೂ ಇಲ್ಲ. ಭಯಕ್ಕೆ ಬುದ್ಧಿ ಕಳೆದುಕೊಂಡವನು. ಆಲ್ಬಮ್‌ನಲ್ಲಿ ಅವನಿಗೆ ನಥಾನಿಯಲ್ ಅಂತ ಹೆಸರಿಟ್ಟರು, ಬೆತ್ ಎಂಬ ಹೆಂಡತಿಯನ್ನೂ ಕೊಟ್ಟರು. ಅವನು ಎಲ್ಲ ಮುಗಿಯಿತು ಅನ್ನುತ್ತಾನೆ, ಅವಳು ಇಲ್ಲ, ಇನ್ನೂ ಬದುಕು ಇದೆ ಅನ್ನುತ್ತಾಳೆ. ಜಗಳವೇ ಹಾಡು. ಮೂಲದಲ್ಲಿ ಇಲ್ಲದ ಹೆಣ್ಣನ್ನು ಯಾಕೆ ತಂದರು ಅಂತ ಕೆಲವರು ಕೇಳುತ್ತಾರೆ. ಒಬ್ಬನೇ ಕೂತು ಗೋಳಾಡಿದರೆ ಹಾಡು ಮುಂದೆ ಹೋಗೋದಿಲ್ಲ. ಎದುರು ದನಿ ಬೇಕು. ನಮ್ಮ ಸಣ್ಣಾಟ ಕಟ್ಟುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ಅದೇ 1978ರ ಜನವರಿಯಲ್ಲಿ ಕೇಟ್ ಬುಷ್ ಎಂಬ 19 ವರ್ಷದ ಹುಡುಗಿಯ ಮೊದಲ ಹಾಡು ಬಂತು, 'ವದರಿಂಗ್ ಹೈಟ್ಸ್'. ಬರೆದಾಗ ಅವಳಿಗೆ 18. ಇದು ಆಲ್ಬಮ್‌ನ ಒಂದು ಹಾಡು ಮಾತ್ರ, ಇಡೀ ಆಲ್ಬಮ್ ಕಾದಂಬರಿಯ ಮೇಲಿಲ್ಲ. ಆದರೂ ಇದನ್ನು ಬಿಟ್ಟು ಈ ವಿಷಯ ಮಾತಾಡೋಕೆ ನನಗೆ ಸಾಧ್ಯವೇ ಇಲ್ಲ. ಎಮಿಲಿ ಬ್ರಾಂಟೆಯ ಆ ಕಾದಂಬರಿ 1847ರದ್ದು. ಅದರಲ್ಲಿ ಕಥೆ ಹೇಳುವವರು ಯಾರು? ಒಬ್ಬ ಬಾಡಿಗೆದಾರ, ಲಾಕ್‌ವುಡ್. ಅವನಿಗೆ ಕಥೆ ಹೇಳುವವಳು ಮನೆಗೆಲಸದ ನೆಲ್ಲಿ. ಕ್ಯಾಥಿ ಮತ್ತು ಹೀತ್‌ಕ್ಲಿಫ್ ಪ್ರೀತಿಸಿ ಸುಟ್ಟುಹೋದರು. ಆದರೆ ಅವರ ಕಥೆ ನಮಗೆ ಸಿಗೋದು ಹೊರಗಿನ ಇಬ್ಬರ ಬಾಯಿಂದ.

ಆ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಒಂದು ರಾತ್ರಿ ಇದೆ. ಹೊರಗೆ ಹಿಮ. ಲಾಕ್‌ವುಡ್ ಆ ಮನೆಯಲ್ಲಿ ಮಲಗಿದ್ದಾನೆ. ಕಿಟಕಿಯ ಹೊರಗೆ ಸದ್ದು. ಕೈ ಚಾಚಿದರೆ ಒಂದು ಪುಟ್ಟ ತಣ್ಣನೆ ಕೈ ಅವನ ಕೈ ಹಿಡಿಯುತ್ತದೆ. ಒಳಗೆ ಬಿಡು ಅಂತ ಅಳುತ್ತದೆ. ಸತ್ತ ಕ್ಯಾಥಿ. ಅವನು ಹೆದರಿ ಆ ಕೈಯನ್ನು ಒಡೆದ ಗಾಜಿಗೆ ಉಜ್ಜುತ್ತಾನೆ. ಆಮೇಲೆ ವಿಷಯ ತಿಳಿದ ಹೀತ್‌ಕ್ಲಿಫ್ ಬಂದು ಕಿಟಕಿ ತೆರೆದು, ಬಾ ಬಾ ಅಂತ ಅಳುತ್ತಾನೆ. ಆಗ ಅವಳಿಲ್ಲ. ಅವಳು ಬಂದಾಗ ಒಳಗಿದ್ದವನು ಬೇರೆಯವನು. ಅವಳಿಗಾಗಿ ಕಾದವನು ಬಂದಾಗ ಅವಳೇ ಹೋಗಿಯಾಗಿತ್ತು.

ಕೇಟ್ ಬುಷ್ ಏನು ಮಾಡಿದಳು? ಕಥೆ ಹೇಳುವ ಇಬ್ಬರನ್ನೂ ತೆಗೆದುಬಿಟ್ಟಳು. ಹಾಡನ್ನು ಕಿಟಕಿಯ ಹೊರಗಿರುವ ದೆವ್ವದ ಬಾಯಿಗೆ ಕೊಟ್ಟಳು. ಆ ದೆವ್ವ ಬಾಡಿಗೆದಾರನನ್ನು ಕರೆಯೋದಿಲ್ಲ, ನೇರವಾಗಿ ಹೀತ್‌ಕ್ಲಿಫ್‌ನನ್ನೇ ಹೆಸರು ಹಿಡಿದು ಕರೆಯುತ್ತದೆ. ಕಾದಂಬರಿಯಲ್ಲಿ ಆ ಕಿಟಕಿಯ ಎರಡು ಕಡೆ ಅವರಿಬ್ಬರೂ ಒಂದೇ ಹೊತ್ತಿಗೆ ನಿಲ್ಲಲೇ ಇಲ್ಲ. ಹಾಡಿನಲ್ಲಿ ನಿಲ್ಲಿಸಿದಳು. ಆ ಕೀರಲು, ಎತ್ತರದ ದನಿ ಕೆಲವರಿಗೆ ಹಿಡಿಸೋದಿಲ್ಲ. ಚಳಿಯಲ್ಲಿ ಹೊರಗೆ ನಿಂತ ಮಗುವಿನ ದೆವ್ವ ಮತ್ತೆ ಯಾವ ದನಿಯಲ್ಲಿ ಹಾಡಬೇಕು? ನಾಲ್ಕು ನಿಮಿಷದ ಹಾಡು. ವಿಮರ್ಶಕರು ನೂರು ಪುಟ ಬರೆದು ತೋರಿಸುವ ಗಾಯಕ್ಕೆ ಅದು ನೇರ ಕೈ ಇಡುತ್ತದೆ. ಬ್ರಿಟನ್ನಿನಲ್ಲಿ ಹೆಣ್ಣೊಬ್ಬಳು ತಾನೇ ಬರೆದು ತಾನೇ ಹಾಡಿ ಮೊದಲ ಸ್ಥಾನಕ್ಕೇರಿದ್ದು ಅದೇ ಮೊದಲು.

ದನಿ ಬದಲಿಸೋದು ಒಂದು ದಾರಿ. ಕಥೆಯ ಕೊನೆಯನ್ನೇ ತಿರುಗಿಸೋದು ಇನ್ನೊಂದು. ಪಿಂಕ್ ಫ್ಲಾಯ್ಡ್ ತಂಡದ 1977ರ 'ಅನಿಮಲ್ಸ್' ಆಲ್ಬಮ್‌ಗೆ ಮೂಲ ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್'. ನಾಯಿ, ಹಂದಿ, ಕುರಿ, ಮೂರೇ ಜಾತಿ ಉಳಿಸಿಕೊಂಡರು. ಆರ್ವೆಲ್‌ನ ಕುರಿಗಳು ಹೇಳಿಕೊಟ್ಟ ಘೋಷಣೆಯನ್ನು ಕೂಗುತ್ತವೆ ಅಷ್ಟೇ, ಕೊನೆಯ ತನಕ ತಲೆ ಎತ್ತೋದಿಲ್ಲ. ಪಿಂಕ್ ಫ್ಲಾಯ್ಡ್‌ನ ಕುರಿಗಳು ಎದ್ದು ನಾಯಿಗಳ ಮೇಲೆ ಬೀಳುತ್ತವೆ. ಆರ್ವೆಲ್ ಬರೆದದ್ದು ಸ್ಟಾಲಿನ್‌ನ ರಷ್ಯಾದ ಮೇಲೆ. ಇವರು ಹಾಡಿದ್ದು ತಮ್ಮದೇ ಇಂಗ್ಲೆಂಡಿನ ದುಡ್ಡಿನ ಲೋಕದ ಮೇಲೆ. ಇದು ಮೂಲಕ್ಕೆ ಮಾಡಿದ ದ್ರೋಹವೇ? ನನಗೆ ಹಾಗೆ ಅನ್ನಿಸೋದಿಲ್ಲ. ಪುಸ್ತಕದ ಜೊತೆ ಜಗಳ ಆಡಬೇಕಾದರೆ ಅದನ್ನು ಚೆನ್ನಾಗಿ ಓದಿರಬೇಕು.

ಮೂಲದವರು ಒಪ್ಪದಿದ್ದರೆ? ಅದೂ ಆಗಿದೆ. ಡೇವಿಡ್ ಬೋವಿ ಎಂಬ ಹಾಡುಗಾರ ಆರ್ವೆಲ್‌ನ '1984' ಕಾದಂಬರಿಯನ್ನು ರಂಗದ ಮೇಲೆ ಹಾಡಾಗಿ ತರಬೇಕು ಅಂತಿದ್ದ. ಆರ್ವೆಲ್‌ನ ಹೆಂಡತಿ ಸೋನಿಯಾ ಒಪ್ಪಲಿಲ್ಲ. ಕಟ್ಟಿದ್ದ ಹಾಡುಗಳು 1974ರ 'ಡೈಮಂಡ್ ಡಾಗ್ಸ್' ಆಲ್ಬಮ್‌ನೊಳಗೆ ಸೇರಿಕೊಂಡವು. ಐಸಾಕ್ ಅಸಿಮೋವ್‌ನ 'ಐ, ರೋಬೋಟ್' ಹಕ್ಕು ಅದಾಗಲೇ ಬೇರೆಯವರ ಕೈಯಲ್ಲಿತ್ತು. ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ಎಂಬ ತಂಡದವರು ಹೆಸರಿನ ನಡುವಿನ ಅಲ್ಪವಿರಾಮ ತೆಗೆದು ತಮ್ಮ ಆಲ್ಬಮ್‌ಗೆ ಇಟ್ಟುಕೊಂಡರು. ಕೇಟ್ ಬುಷ್ 1989ರಲ್ಲಿ ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕೊನೆಯ ಮಾತುಗಳನ್ನು ಹಾಡಲು ಅನುಮತಿ ಕೇಳಿದಳು. ಸಿಗಲಿಲ್ಲ. ತನ್ನದೇ ಸಾಲು ಬರೆದು ಹಾಡಿದಳು. ಆಮೇಲೆ ಅನುಮತಿ ಸಿಕ್ಕಿತು, 2011ರಲ್ಲಿ ಅದೇ ಧಾಟಿಗೆ ಜಾಯ್ಸ್‌ನ ಮಾತು ಹಚ್ಚಿ ಮತ್ತೆ ಹಾಡಿದಳು. ಇಪ್ಪತ್ತೆರಡು ವರ್ಷ ಆ ಸಾಲುಗಳನ್ನು ಅವಳು ಮರೆತಿರಲಿಲ್ಲ ನೋಡಿ.

ಈಗ ಮನೆಗೆ ಬರೋಣ. 1978 ಅಂದಿದ್ದೆನಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದಕ್ಕೆ ಹೆಸರು. ಆಮೇಲೆ ಬೇಂದ್ರೆ, ಕುವೆಂಪು, ಕೆ.ಎಸ್.ನ. ಅಂದರೆ ಕೆ.ಎಸ್. ನರಸಿಂಹಸ್ವಾಮಿ, ಎಲ್ಲರೂ ಟೇಪ್ ರೆಕಾರ್ಡರಿನೊಳಗೆ ಬಂದರು. ನಮ್ಮ ಮನೆಯಲ್ಲಿ ಕವನ ಸಂಕಲನ ಒಂದೂ ಇರಲಿಲ್ಲ. ಆದರೂ ನನ್ನ ಅವ್ವನಿಗೆ ಕೆ.ಎಸ್.ನ. ಅವರ ಆರು ಕವಿತೆ ಬಾಯಿಪಾಠ ಬರುತ್ತಿದ್ದವು. ಭಾವಗೀತೆಯವರ ಋಣ ನಾನು ಮರೆಯೋದಿಲ್ಲ.

ಆದರೆ ಒಂದು ಕೊರತೆ ಹೇಳಲೇಬೇಕು. ನಮ್ಮವರು ಕವಿತೆಗಳನ್ನು ಆರಿಸಿಕೊಂಡರು, ಪುಸ್ತಕವನ್ನು ಇಡಿಯಾಗಿ ಎತ್ತಿಕೊಂಡದ್ದು ಕಡಿಮೆ. ಕೆ.ಎಸ್.ನ. ಅವರ 1942ರ 'ಮೈಸೂರ ಮಲ್ಲಿಗೆ'ಯನ್ನು ಮೊದಲಿಂದ ಕೊನೆಗೆ ಓದಿದರೆ ಒಂದು ಸಂಸಾರ ಕಣ್ಣ ಮುಂದೆ ಕಟ್ಟುತ್ತದೆ. ಕ್ಯಾಸೆಟ್ಟಿನಲ್ಲಿ ಎಂಟು ಚಂದದ ಹಾಡು ಸಿಗುತ್ತವೆ, ಸಂಸಾರ ಸಿಗೋದಿಲ್ಲ. ಆ ಪದ್ಯಗಳನ್ನು ಒಂದು ಕಥೆಯ ದಾರದಲ್ಲಿ ಪೋಣಿಸಿದ್ದು ಟಿ.ಎಸ್. ನಾಗಾಭರಣರ ಸಿನಿಮಾ, ಅದೂ 1992ರಲ್ಲಿ. ಇಡೀ ಕಥೆಯನ್ನು ಹಾಡಿಗೆ ತರೋದು ನಮಗೆ ಬಾರದ ವಿದ್ಯೆ ಅಂತೀರಾ? ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣ ಬೆಳೆಸಿದ 'ಶ್ರೀಕೃಷ್ಣ ಪಾರಿಜಾತ' ಏನು ಮತ್ತೆ? ಪುರಾಣದಲ್ಲಿ ಅದು ಕೃಷ್ಣ ಇಂದ್ರನ ತೋಟದಿಂದ ಗಿಡ ತಂದ ಸಾಹಸ. ನಮ್ಮ ಆಟದಲ್ಲಿ ಇಡೀ ರಾತ್ರಿ ಸತ್ಯಭಾಮೆಯದು. ಹೂವು ರುಕ್ಮಿಣಿಗೆ ಹೋಯಿತು ಅನ್ನುವ ಸಿಟ್ಟು, ಹೊಟ್ಟೆಕಿಚ್ಚು, ಅಳು, ಎಲ್ಲ ಅವಳದು. ಕೇಟ್ ಬುಷ್ ಕಿಟಕಿಯ ಹೊರಗೆ ಮಾಡಿದ್ದನ್ನು ಪಾರಿಜಾತದವರು ಗುಡಿಯ ಕಟ್ಟೆಯ ಮೇಲೆ ಎಷ್ಟೋ ಮೊದಲೇ ಮಾಡಿದ್ದರು. ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಇಲ್ಲಿರುವ ಹಿರಿಯರ ಮುಖ ಅರಳುತ್ತಿದೆ, ನೋಡುತ್ತಿದ್ದೇನೆ.

ಒಂದೇ ಪದ ಎರಡು ಬಾಯಿಗೆ ಬಂದರೆ ಏನಾಗುತ್ತದೆ ಅನ್ನೋದಕ್ಕೆ ನನಗೆ ಬೇಕಾದ ಉದಾಹರಣೆ ಶಿಶುನಾಳ ಷರೀಫರದು. 'ಸೋರುತಿಹುದು ಮನೆಯ ಮಾಳಿಗಿ'. ಸಿ. ಅಶ್ವತ್ಥ್ ಅದನ್ನು ಮನೆಮನೆಗೆ ಮುಟ್ಟಿಸಿದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಗಿಟಾರ್, ಡ್ರಮ್ಸ್ ಹಾಕಿ ಹಾಡಿದರು. ಆಗ ನನ್ನ ಓರಗೆಯವರು ಸಿಟ್ಟಾದರು. ಷರೀಫಜ್ಜನನ್ನು ಕುಣಿಸಿಬಿಟ್ಟರು ಅಂದರು.

ನಾನು ಇಂಡಿ ತಾಲೂಕಿನ ಒಂದು ಮಾಳಿಗೆ ಮನೆಯಲ್ಲಿ ಬೆಳೆದವನು. ಮಣ್ಣಿನ ಮಾಳಿಗೆ ಸೋರೋದು ಹೇಗೆ ಅಂತ ಹೇಳುತ್ತೇನೆ, ಕೇಳಿ. ಮಳೆ ಶುರುವಾದ ಕೂಡಲೇ ಸೋರೋದಿಲ್ಲ. ಮಣ್ಣು ಮೊದಲು ಕುಡಿಯುತ್ತದೆ. ನಡುರಾತ್ರಿ ಎಲ್ಲೋ ಒಂದು ಹನಿ. ಆಯಿ ಎದ್ದು ಕತ್ತಲಲ್ಲೇ ಒಂದು ಬೋಗುಣಿ ಇಡುತ್ತಿದ್ದಳು. ಆಮೇಲೆ ಜೋಳದ ಚೀಲದ ಹತ್ತಿರ ಇನ್ನೊಂದು ಹನಿ. ಅಲ್ಲಿಗೆ ತಂಬಿಗೆ. ಪಾತ್ರೆ ತುಂಬುತ್ತಾ ಬಂದ ಹಾಗೆ ಸದ್ದು ಬದಲಾಗುತ್ತದೆ, ಮೊದಲು ಟಣ್, ಆಮೇಲೆ ಟಪ್. ಅಷ್ಟರಲ್ಲಿ ಮುತ್ಯಾ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಚ್ಚಣಿಕೆ ಏರುತ್ತಿದ್ದ. ಮೇಲೆ ಹೋಗಿ ಸೋರುವ ಜಾಗ ಹುಡುಕಿ ಹಿಮ್ಮಡಿಯಿಂದ ಮೆಟ್ಟಬೇಕು. ಮೆಟ್ಟಿ ಮೆಟ್ಟಿ ಮಣ್ಣು ಗಟ್ಟಿ ಕೂತರೆ ನೀರು ನಿಲ್ಲುತ್ತದೆ. ಕೆಳಗೆ ಮಲಗಿದ ನಮಗೆ ತಲೆಯ ಮೇಲೆ ಅವನ ಹೆಜ್ಜೆ ಕೇಳುತ್ತಿತ್ತು. ಧಪ್, ಧಪ್, ಧಪ್.

ಷರೀಫರ ಪದದಲ್ಲಿ ಅದೇ ಇದೆ. ಕಾಳಕತ್ತಲೆಯಲ್ಲಿ ನಾನು ಮೇಲಕ್ಕೇರಿ ಮೆಟ್ಟಲಾರೆ ಅನ್ನುತ್ತಾರೆ. ಅಶ್ವತ್ಥ್ ಹಾಡಿದಾಗ ನನಗೆ ಕೇಳುವುದು ಗುರುವಿನ ದನಿ. ನೋಡಪ್ಪಾ, ನಿನ್ನ ಮನೆ ಸೋರುತ್ತಿದೆ, ಅಜ್ಞಾನದಿಂದ ಸೋರುತ್ತಿದೆ ಅಂತ ಎಚ್ಚರಿಸುವ ದನಿ. ರಘು ದೀಕ್ಷಿತ್ ಹಾಡಿದಾಗ ಕೇಳುವುದು ಒಳಗೆ ಕೂತು ನೆನೆಯುತ್ತಿರುವ ಹುಡುಗನ ದನಿ. ಏರಲಾರೆ ಅನ್ನುವವನೇ ಅವನು. ಮತ್ತೆ ಆ ಡ್ರಮ್? ನನಗೆ ಅದು ಮುತ್ಯಾನ ಹಿಮ್ಮಡಿ. ನನ್ನ ಓರಗೆಯವರಿಗೆ ಅವತ್ತೂ ಇದನ್ನೇ ಹೇಳಿದೆ. ಎರಡೂ ದನಿ ಆ ಪದದ ಒಳಗೇ ಇವೆ. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡರು.

ಈಗ ನನ್ನ ಆಸೆ. ಭೀಮಾ ತೀರದ ಹಲಸಂಗಿ ನಮ್ಮ ಜಿಲ್ಲೆಯದೇ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಗೆಳೆಯರು ಬೀಸುವ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು. ತವರು, ಅಣ್ಣ, ಕೂಸು, ಗಂಡ, ಬಸವಣ್ಣ, ಮಳೆ, ಎಲ್ಲ ಅದರಲ್ಲಿದೆ. ಆ ಪುಸ್ತಕವನ್ನು ಇಡಿಯಾಗಿ ಒಂದು ಆಲ್ಬಮ್ ಮಾಡಬೇಕು. ಬಿಡಿ ಹಾಡು ಬೇಡ. ನಸುಕಿನ ನಾಲ್ಕು ಗಂಟೆಗೆ ಕಲ್ಲಿನ ಮುಂದೆ ಕೂತು, ಹಿಟ್ಟು ಮುಗಿದು ಏಳುವ ತನಕ ಒಬ್ಬ ಹೆಣ್ಣಿನ ಒಂದು ಬೆಳಗು. ನಲವತ್ತೈದು ನಿಮಿಷ. ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಈಗ ಗಿಟಾರ್ ಇದೆ, ಕಂಪ್ಯೂಟರ್ ಇದೆ, ಹಾಕಿಕೊಳ್ಳಲಿ. ಆದರೆ ಒಂದನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅದೇನು ಅಂತ ನನಗೆ ತಿಳಿದದ್ದು ನಮ್ಮ ಅತ್ತಿಯಿಂದ.

ಕೆಲವು ವರ್ಷದ ಹಿಂದೆ ಮೊಬೈಲ್ ಹಿಡಿದುಕೊಂಡು ಅವಳ ಮುಂದೆ ಕೂತೆ. ಬೀಸುವ ಪದ ಹಾಡು, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂದೆ. ಎರಡು ಸಾಲು ಹೇಳಿದಳು, ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಳು. "ಕಲ್ಲಿಲ್ಲದ ಹಾಡ ಹ್ಯಾಂಗ ಬರ್ತದೋ ತಮ್ಮಾ?" ಅಂದಳು. ಕಲ್ಲು ದನದ ಕೊಟ್ಟಿಗೆಯಲ್ಲಿ ಕಟ್ಟಿಗೆಯ ಕೆಳಗೆ ಬಿದ್ದಿತ್ತು. ಇಬ್ಬರು ಸೇರಿ ಹೊರಗೆ ತಂದು ತೊಳೆದೆವು. ಗೂಟ ಇರಲಿಲ್ಲ, ಒಂದು ಬಡಿಗೆ ಸಿಕ್ಕಿಸಿದೆ. ಒಂದು ಹಿಡಿ ಜೋಳ ಹಾಕಿದಳು. ಒಂದು ಕಾಲು ಚಾಚಿ ಕೂತು ತಿರುವಿದಳು. ನಾಲ್ಕೈದು ಸುತ್ತು ಸುಮ್ಮನೇ ಬೀಸಿದಳು. ಆಮೇಲೆ ತಾನಾಗಿಯೇ ಬಂತು. ಒಂದಾದ ಮೇಲೆ ಒಂದು ಹನ್ನೊಂದು ತ್ರಿಪದಿ, ಎಲ್ಲೂ ನಿಲ್ಲಲಿಲ್ಲ. ಉಸಿರು ಎಳೆದುಕೊಳ್ಳಬೇಕಾದಲ್ಲಿ ಕಲ್ಲು ಒಂದು ಸುತ್ತು ಜಾಸ್ತಿ ತಿರುಗುತ್ತಿತ್ತು.

ಕೇಳಿ ನೋಡಿದರೆ ಮೊಬೈಲಿನಲ್ಲಿ ಮಾತಿಗಿಂತ ಕಲ್ಲಿನ ಸದ್ದೇ ದೊಡ್ಡದಾಗಿ ಬಂದಿದೆ. ಕಂಪ್ಯೂಟರಿನಲ್ಲಿ ಆ ಗರಗರ ತೆಗೆದು ಸ್ವಚ್ಛ ಮಾಡಿಕೊಡಲೇನು ಅಂತ ನನ್ನ ಮಗ ಕೇಳಿದ. ಬೇಡ ಅಂದೆ. ಇರುವ ಹಾಗೇ ಇಟ್ಟುಕೊಂಡಿದ್ದೇನೆ, ಇವತ್ತು ತಂದಿದ್ದೇನೆ. ಯಾರಾದರೂ ಆ ಫ್ಯಾನ್ ಒಂದೆರಡು ನಿಮಿಷ ಬಂದ್ ಮಾಡಿ, ಹಾಕುತ್ತೇನೆ.